ಎಂಟನೇ ನಂಬರು

"ಎಷ್ಟು ದೂರಕ್ಕೆ?" ಅಂದ ಕೊಳಂಬಕರ
ಕನ್ನಡಕ ಹಣೆಗೇರಿಸಿ,
ಗಾಜಿನ ಪೆಟ್ಟಿಗೆಯ ಮೇಲೆ ತೋಟಾಗಳನ್ನು
ಒಂದೊಂದಾಗಿ ನಿಲ್ಲಿಸುತ್ತ.
ಕೆಂಪು, ಹಸಿರು, ಒಂದು ಮಾಸಿದ ನೀಲಿ,
ಹಿತ್ತಾಳೆ ಪಾದದ ಪುಟ್ಟ ಆಳುಗಳು.
ಕೋಡಿಬಾಗ ರಸ್ತೆಯ ಅವನಂಗಡಿಗೆ
ವರ್ಷಕ್ಕೊಮ್ಮೆ ಬರುವ ಗಿರಾಕಿ ನಾನು.

"ಇದು ಎಸ್‌ಜಿ. ಕಾಳು ಎಣಿಸಿದರೆ ಒಂಬತ್ತು,
ಹಂದಿಯ ಎಲುಬು ಮುರಿದೀತು.
ಇದು ಬಿಬಿ. ನರಿಗಾದರೆ ಇದೇ,
ಆದರೆ ನರಿ ಅಂತ ನೀನು ಹೇಳಲಿಲ್ಲ,
ನಾನು ಕೇಳಲಿಲ್ಲ; ಕಾಯಿದೆ ಈಗ ಅದರ ಕಡೆಗಿದೆ.
ದೊಡ್ಡ ಕಾಳು ದೂರ ಹೋಗುತ್ತದೆ, ಖರೆ,
ಮೂವತ್ತು ಮಾರು ದಾಟಿತೋ
ಕಾಳಿಗೂ ಕಾಳಿಗೂ ನಡುವೆ
ಒಂದು ನರಿ ಬಾಲ ಬೀಸುತ್ತ ಹಾಯುವಷ್ಟು ಜಾಗ.
ಸಣ್ಣದು ನುಸಿಯ ಹಾಗೆ ಮುತ್ತುತ್ತದೆ,
ಬೇಗ ದಣಿಯುತ್ತದೆ."

ಹೊರಗೆ ಬೀಡಿ ಮುಗಿಸಿ ಒಳಬಂದ ಭಾವ ಪುಂಡಲೀಕ,
ಮರಾಠಾ ಪಲ್ಟನ್ನಿನಲ್ಲಿ ಹದಿನೇಳು ವರ್ಷ ಕಳೆದವ:
"ಕಾಳು ಎಣಿಸುವುದು ಕೋಳಿ ಸಾಕುವವರ ಕೆಲಸ.
ರೈಫಲ್ ಬೇಕು. ಒಂದೇ ಗುಂಡು, ಮುನ್ನೂರು ಗಜ.
ಗಾಳಿ ಎಡದಿಂದ ಬಂದರೆ ಒಂದು ಗೇಣು ಎಡಕ್ಕೆ ಹಿಡಿ,
ಅರ್ಧ ಉಸಿರು ಬಿಡು, ಅರ್ಧ ಇಟ್ಟುಕೋ,
ಗೋಡೆಯ ಮೇಲೆ ಕೂತ ಕಾಗೆಯನ್ನೂ..."

ಗೋಡೆ ಅಂದಾಗ ಮೂವರೂ ಸುಮ್ಮನಾದೆವು.
ಗಾಳಿಯಲ್ಲಿ ಇಲ್ಲದ ಕುದುರೆ ಎಳೆಯುತ್ತಿದ್ದ
ಅವನ ಬೆರಳು ಹಾಗೇ ನಿಂತಿತು.

ನನ್ನ ಲೈಸೆನ್ಸಿನಲ್ಲಿರುವುದು ಅಪ್ಪ ಬರೆಸಿದ ವಿಳಾಸ:
ಪಡುಕೇರಿ, ಮನೆ ನಂಬರು ಹದಿನಾಲ್ಕು.
ಪಡುಕೇರಿ ಈಗ ಗೋಡೆಯಾಚೆ ಇದೆ,
ಅಥವಾ ಇಲ್ಲ.
ಹಡಗುಗಳಿಗೆ ಬೇಕಾಯಿತು, ಎದ್ದು ಬಂದೆವು,
ಚೆಕ್ಕು ಬಂತು, ಮದುವೆಯೊಂದಕ್ಕೆ ಸಾಕಾಯಿತು.
ಗೋಡೆಯೀಚೆ ಗೇಣಿಗೆ ಹಿಡಿದ ಮರಳುಗದ್ದೆಯಲ್ಲಿ
ಕಲ್ಲಂಗಡಿ ಹಾಕಿದ್ದೇನೆ.

ನರಿ ಬರುವುದು ಆಚೆಯಿಂದ,
ಮಳೆನೀರಿನ ಮೋರಿಯಲ್ಲಿ ನುಸುಳಿ,
ಪಾಸಿಲ್ಲದೆ.
ನಾನು ಬೆರಳಲ್ಲಿ ತಟ್ಟಿ ತಟ್ಟಿ ಕೇಳಿದರೂ
ಹತ್ತಕ್ಕೆ ಮೂರು ಹಸಿ ಕೊಯ್ಯುತ್ತೇನೆ;
ಅದು ಒಮ್ಮೆ ಮೂಸಿದರೆ ಮುಗಿಯಿತು.
ತಿಂದು, ಮೈ ನೀವಿಕೊಂಡು
ವಾಪಸು ಹೋಗುತ್ತದೆ
ನಮ್ಮ ಬಾವಿಕಟ್ಟೆಯ ಕಡೆಗೆ,
ಬಾವಿಯಿದ್ದರೆ.

ಹುಣ್ಣಿಮೆಯ ದಿನ ನಡೆದು ಅಳೆದಿದ್ದೇನೆ.
ಮಾಳದಿಂದ ಕೊನೆಯ ಬಳ್ಳಿಗೆ ನಲವತ್ತು ಹೆಜ್ಜೆ,
ಬಳ್ಳಿಯಿಂದ ಗೋಡೆಗೆ ಇನ್ನೂರ ಎಪ್ಪತ್ತು.
ಗೋಡೆಯ ಮೇಲೆ ತಂತಿ, ತಂತಿಯ ಮೇಲೆ ದೀಪ,
ದೀಪದಡಿಯಲ್ಲಿ ಹರಿಯಾಣದವನೋ ಬಿಹಾರದವನೋ
ನಿದ್ದೆಗಣ್ಣಿನ ಹುಡುಗ,
ಕೈಯಲ್ಲಿ ಭಾವ ಹೇಳಿದಂಥದೇ ರೈಫಲ್.
ನನ್ನದೊಂದು ಕಾಳು ಅಲ್ಲಿಗೆ ಹೋಗಿ
ಟಕ್ಕೆಂದರೆ ಸಾಕು.

"ದೂರ ಹೋಗದ್ದು ಕೊಡು," ಅಂದೆ. "ಎಂಟನೇ ನಂಬರು."
ಕೊಳಂಬಕರ ಕನ್ನಡಕ ಇಳಿಸಿ ನೋಡಿದ.
"ಎಂಟೇ? ಅದು ನರಿಗೆ ಬಡಿದರೆ
ಉಣ್ಣೆ ಕಚ್ಚಿತೆಂದುಕೊಂಡು ಕೆರೆದುಕೊಂಡೀತು."
ಆಮೇಲೆ ನನ್ನ ಲೈಸೆನ್ಸಿನ ವಿಳಾಸ ಓದಿದ,
ಮತ್ತೊಮ್ಮೆ ಓದಿದ.
ಏಣಿ ಹತ್ತಿ ಮೇಲಿನ ಕಪಾಟಿನಿಂದ
ಧೂಳು ಹಿಡಿದ ಡಬ್ಬಿ ತೆಗೆದ.
ಪುಸ್ತಕದಲ್ಲಿ ಬರೆದ: ಇಪ್ಪತ್ತೈದು. ಕಾರಣ: ಹಂದಿ.

ನಿನ್ನೆ ರಾತ್ರಿ ಹಾರಿಸಿದೆ.
ಕಾಳುಗಳು ಎಲ್ಲೋ ನಡುವೆ ಮರಳಿಗೆ ಬಿದ್ದವು,
ಶೇವಂತಿ ಮೊರದಲ್ಲಿ ರಾಗಿ ಕೇರುವ ಸದ್ದು.
ದೊಡ್ಡ ದೀಪ ಒಮ್ಮೆ ಇತ್ತ ತಿರುಗಿ
ನನ್ನ ಮುಖದ ಮೇಲೆ ನಿಂತು
ಸಮುದ್ರದ ಕಡೆ ಹೋಯಿತು.
ನರಿ ಓಡಲಿಲ್ಲ.
ಮೀಸೆಯ ಕೆಂಪು ನೆಕ್ಕಿಕೊಂಡು
ಮನೆಗೆ ಹೊತ್ತಾಯಿತೆಂಬಂತೆ
ಮೋರಿಗಿಳಿಯಿತು.

"ಅದರ ಹೊಟ್ಟೆಯಲ್ಲಿ ಬೀಜವೂ ಹೋಯಿತಲ್ಲ ಅತ್ತ,"
ಅಂದಳು ಶೇವಂತಿ, ಕಂಬಳಿಯೊಳಗಿಂದ.
ನಾನು ಉತ್ತರ ಕೊಡಲಿಲ್ಲ.
ಖಾಲಿ ತೋಟಾ ಇನ್ನೂ ಬಿಸಿಯಿತ್ತು.
ಲೆಕ್ಕಕ್ಕೆ ಬೇಕೆಂದು ಕಿಸೆಗೆ ಹಾಕಿಕೊಂಡೆ.
ಇನ್ನು ಇಪ್ಪತ್ತನಾಲ್ಕು.