ಗೋಣಿಚೀಲದ ಕತ್ತಲು

ಬೆಳಕನ್ನು ಓದಬೇಕಾದವಳು ನಾನು,
ದಿನಕ್ಕೆ ಆರು ತಾಸು ಕತ್ತಲಲ್ಲಿರುತ್ತೇನೆ.
ಕಿಟಕಿಗೆ ಕಪ್ಪು ಹಾಳೆ, ಬಾಗಿಲ ಸಂದಿಗೆ ಹಳೆ ಟವೆಲ್ಲು,
ಮೂಲೆಯಲ್ಲೊಂದು ಹಸಿರು ಬಲ್ಬು.
ಹಸಿರೆಂದರೆ ಎಲೆ ಉಂಡು ಬಿಟ್ಟ ಎಂಜಲು,
ಆ ಎಂಜಲಿನಲ್ಲೇ ನನ್ನ ಕೈ ನನಗೆ ಕಾಣಬೇಕು.

ಹೊರಗೆ ರಾಯಚೂರು,
ಏಪ್ರಿಲ್ಲಿನ ನಲವತ್ಮೂರು ಡಿಗ್ರಿ.
ಒಳಗೆ ಐಸಿನ ಡಬ್ಬಿಯಲ್ಲಿ ಬೆರಳು ಮರಗಟ್ಟಿಸಿಕೊಂಡು
ಪಾಲಕಿನ ಎಲೆ ಅರೆಯುತ್ತೇನೆ,
ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸುತ್ತೇನೆ
ಬಾಣಂತಿಯ ಕಷಾಯ ಸೋಸಿದಷ್ಟು ಜತನದಿಂದ.
ಸೆಂಟ್ರಿಫ್ಯೂಜು ಗಿರ್ರನೆ ತಿರುಗುತ್ತದೆ.
ತಿರುಗಿಸುವ ಕರೆಂಟು ಶಕ್ತಿನಗರದ್ದು,
ಅಲ್ಲಿ ಉರಿಯುವುದೂ ಎಲೆಯೇ, ಕಲ್ಲಾದದ್ದು.

ತೀನ್ ಕಂದೀಲಿನ ಹತ್ತಿರ, ನಸುಕಿನ ನಾಲ್ಕೂವರೆಗೆ
ಹುಸೇನಮ್ಮ ಒದ್ದೆ ಗೋಣಿಚೀಲ ಬಿಚ್ಚುತ್ತಾಳೆ.
'ವಾರಕ್ಕ ಎರಡ ಸಲ ಒಯ್ತಿ, ಮೈಮ್ಯಾಲ ಮಾಂಸ ಇಲ್ಲ.
ಪಲ್ಯ ಮಾಡಿ ತಿಂತಿಯೋ ಇಲ್ಲೋ?'
'ರಸ ತೆಗೀತೀನಿ ಹುಸೇನಮ್ಮ,
ಎಲಿ ಬಿಸಲು ಹೆಂಗ ಹಿಡಿತೈತಿ ಅಂತ ನೋಡಾಕ.'
ಆಕೆ ಕಟ್ಟಿಗೆ ನಾರು ಬಿಗಿದಳು, ತುದಿಯನ್ನು ಹಲ್ಲಲ್ಲಿ ಹರಿದಳು.
'ಹಿಡಿಯಾದೇನು ದೊಡ್ಡದವ್ವಾ, ನಮ್ಮೂರಾಗ ಕಲ್ಲೂ ಹಿಡಿತೈತಿ.
ಹೆಚ್ಚಾದದ್ದು ಬಿಡಾದು ಹೆಂಗ, ಅದನ್ನ ನೋಡು.'

ಅದೇ ಪ್ರಶ್ನೆಗೆ ನಾನು ಮೂರು ವರ್ಷದಿಂದ
ಸ್ಕಾಲರ್‌ಶಿಪ್ಪು ತಿನ್ನುತ್ತಿದ್ದೇನೆ.

ಬೆಳಕಿನ ಒಂದು ಹನಿ ಬಿದ್ದರೆ ಸಾಕು,
ನೂರಾರು ಹಸಿರು ಕೈಗಳು ಅದನ್ನು ದಾಟಿಸುತ್ತವೆ,
ಗಂಜಿನಲ್ಲಿ ಹಮಾಲರು ಹತ್ತಿಯಂಡಿಗೆ ದಾಟಿಸುವ ಹಾಗೆ,
ಭುಜದಿಂದ ಭುಜಕ್ಕೆ, ಯಾರೂ ತಮ್ಮದೆನ್ನದೆ,
ನಡುವಿನ ಕೋಣೆಯವರೆಗೆ.
ಅಲ್ಲಿ ಕೂತವನಿಗೆ ಹೆಸರಿಲ್ಲ, ಡಿ-ಒನ್ ಎಂಬ ನಂಬರು.
ಬಿಸಿಲು ಜೋರಾದರೆ ಅರ್ಧ ತಾಸಿಗೇ ಸುಟ್ಟು ಹೋಗುತ್ತಾನೆ.
ಎಲೆ ಅವನನ್ನು ಕೀಳುತ್ತದೆ,
ಅದೇ ಗೂಟಕ್ಕೆ ಅಂಥವನೇ ಇನ್ನೊಬ್ಬನನ್ನು ಕಟ್ಟುತ್ತದೆ.
ಹೊರಗಿನಿಂದ ನೋಡಿದರೆ
ಎಲೆ ಸುಮ್ಮನಿದೆ. ಹಸಿರಾಗಿದೆ.

ಮಂಗಳವಾರ ಕರೆಂಟು ಹೋಯಿತು.
ಐಸು ಕರಗುವುದರೊಳಗೆ ಮುಗಿಸಬೇಕೆಂದು
ನೀಲಿ ಟಾರ್ಚು ಹಿಡಿದೆ ಅಸಿಟೋನಿನ ಟ್ಯೂಬಿಗೆ.
ಗೊತ್ತಿದ್ದದ್ದೇ, ಪುಸ್ತಕದಲ್ಲಿ ಓದಿದ್ದೇ,
ಆದರೂ ಬೆನ್ನು ಜುಮ್ಮೆಂದಿತು:
ಹಸಿರು ನೀರು ಕೆಂಪಗೆ ಹೊಳೆಯಿತು,
ಆಗಷ್ಟೇ ಎಳೆದ ರಕ್ತದ ಹಾಗೆ.
ದಾಟಿಸಲು ಪಕ್ಕದಲ್ಲಿ ಭುಜವಿಲ್ಲದೆ
ಹಿಡಿದ ಬೆಳಕನ್ನು ಹಾಗೇ ವಾಪಸು ಕೊಡುತ್ತಿತ್ತು.
ಕರೆಂಟು ಬರುವವರೆಗೆ ನೋಡುತ್ತ ನಿಂತೆ.
ಆ ದಿನದ ಲೆಕ್ಕ ಕೆಟ್ಟಿತು, ಇರಲಿ.

ಗಾಜಿನ ಮನೆಯಲ್ಲಿ ನಾವೇ ಬೆಳೆಸಿದ ಗಿಡ,
ಅಳೆದ ಗೊಬ್ಬರ, ಅಳೆದ ನೀರು:
ಮೀಟರಿನಲ್ಲಿ ಸೊನ್ನೆ ಪಾಯಿಂಟ್ ಏಳು ಒಂದು.
ಹುಸೇನಮ್ಮನ ಎಲೆ: ಸೊನ್ನೆ ಪಾಯಿಂಟ್ ಎಂಟು ಮೂರು.
ಮೂರು ಸಲ ಅಳೆದೆ. ಮೀಟರು ಬದಲಿಸಿಯೂ ಅಳೆದೆ.
ಎಂಟು ಮೂರು ಎಂದರೆ
ಆ ಎಲೆಯ ಮೈಯಲ್ಲಿ ಆಯಾಸವೇ ಇಲ್ಲ.

'ಸಂಜೀಗೆ ಕೊಯ್ತೀನಿ. ಗೋಣಿ ತೋಯಿಸಿ ಮುಚ್ಚತೀನಿ.
ಎಲಿ ರಾತ್ರಿ ಮಲಗಬೇಕು.
ಮಲಗದ ಎಲಿ ಬಾಯಿಗೆ ಒಗರು.'
ಇಷ್ಟೇ ಆಕೆಯ ವಿಧಾನ.

ಪ್ರಬಂಧದ ಕರಡಿನಲ್ಲಿ ಆಕೆಯ ಹೆಸರು ಬರೆದೆ.
ಮಾಲಿಪಾಟೀಲ ಸರ್ ಪೆನ್ಸಿಲಿನಿಂದ ಮೆಲ್ಲಗೆ ಗೀಟೆಳೆದರು,
ಸಿಟ್ಟಿನಿಂದೇನಲ್ಲ, ಪದ್ಧತಿ ಹಾಗೆ.
ಈಗ ಅಲ್ಲಿರುವುದು:
'ಪಾಲಕ್ ಎಲೆಗಳನ್ನು ಸ್ಥಳೀಯ ಮಾರುಕಟ್ಟೆಯಿಂದ ಪಡೆಯಲಾಯಿತು.'

ಪಡೆಯಲಾಯಿತು.
ನಾಲ್ಕೂವರೆಯ ಚಳಿಯಿಲ್ಲ ಆ ಮಾತಿನಲ್ಲಿ,
ಹಲ್ಲಲ್ಲಿ ಹರಿದ ನಾರಿಲ್ಲ.

ಶುಕ್ರವಾರ ಹೋಗುವುದು ತಡವಾಯಿತು, ಆರು ದಾಟಿತ್ತು,
ಕೋಟೆಗೋಡೆಯ ನೆತ್ತಿ ಆಗಲೇ ಕಾಯುತ್ತಿತ್ತು,
ಬುಟ್ಟಿ ಖಾಲಿ.
ಹುಸೇನಮ್ಮ ಸೆರಗು ಸರಿಸಿ
ತಾನು ಕೂತ ಗೋಣಿಯ ಅಡಿಗೆ ಕೈ ಹಾಕಿದಳು:
'ಇದು ನಿಂದು ಅಂತ ಇಟ್ಟೀನಿ.
ಬಿಸಲಿಗೆ ಇನ್ನಾ ತೋರಸಿಲ್ಲ.'