ಕೆಟ್ಟಿದ್ದಿದ್ರೆ ಕೊಡಿ

ಅದು ನನ್ನದೇ ದನಿ.
ನಗರಸಭೆಯ ಮೇಲಿನ ಮಹಡಿಯಲ್ಲಿ, ಫ್ಯಾನು ನಿಲ್ಲಿಸಿ,
ಮೂರು ಸಲ ಹೇಳಿಸಿದರು ಕೃತಿಕಾ ಮೇಡಂ.
ವಿದ್ಯುನ್ಮಾನ ತ್ಯಾಜ್ಯ ಅನ್ನೋ ಹೊತ್ತಿಗೆ
ಎರಡು ಸಲವೂ ನಾಲಗೆ ತೊಡರಿ,
'ಬಿಡಿ ದೇವೀರಮ್ಮ, ನಿಮ್ಮ ಮಾತಲ್ಲೇ ಹೇಳಿ' ಅಂದರು.
ಹೇಳಿದೆ:
ಕೆಟ್ಟ ಫೋನು, ಕೆಟ್ಟ ಟೀವಿ, ಕೆಟ್ಟ ಮಿಕ್ಸಿ,
ಉರೀದಿರೋ ಬಲ್ಬು, ಹಾಡ್ದಿರೋ ರೇಡಿಯೋ,
ಕಸಕ್ಕೆ ಹಾಕ್ಬೇಡಿ, ಬೆಂಕಿಗೆ ಹಾಕ್ಬೇಡಿ,
ಕೆಟ್ಟಿದ್ದಿದ್ರೆ ಕೊಡಿ. ನಮ್ ಕೈಗೆ ಕೊಡಿ.

ಈಗ ಹಸಿರು ಆಟೊ ನೂರಡಿ ರಸ್ತೆ ದಾಟಿ
ಗುತ್ತಲಿನ ಕಡೆ ತಿರುಗಿದರೆ
ಹಿಂದೆ ಪೆಟ್ಟಿಗೆ ಪಕ್ಕ ಬಾಯಿ ಮುಚ್ಚಿ ನಿಂತಿರುತ್ತೇನೆ,
ಮುಂದೆ ಮೈಕಲ್ಲಿ ನಾನೇ ಕೂಗುತ್ತಿರುತ್ತೇನೆ.
ಇಪ್ಪತ್ತೆರಡು ವರ್ಷ ಈ ಬೀದಿಗಳನ್ನು ಗುಡಿಸಿದೆ,
ನನಗೊಂದು ದನಿಯಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.
ಈಗ ಮಕ್ಕಳಿಗೆಲ್ಲ ಬಾಯಿಪಾಠ.
ಜಗಳ ಬಂದರೆ ಒಬ್ಬರಿಗೊಬ್ಬರು,
'ನಿಮ್ಮಣ್ಣ ಕೆಟ್ಟವ್ನೆ ಕಣ್ಲಾ, ಕೊಟ್ಬುಡು ಗಾಡಿಗೆ!'

ಕೊಡುವುದು ಸುಲಭವಲ್ಲ ಜನಕ್ಕೆ.
ಕಲ್ಲಹಳ್ಳಿಯ ಒಬ್ಬ ಯಜಮಾನರು
ರಿಮೋಟ್ ತಂದುಕೊಟ್ಟರು. ಟೀವಿ ಎಲ್ಲಿ ಅಂದರೆ
'ಅದು ಚೆನ್ನಾಗದೆ. ಚಿತ್ರ ಬರಾಕಿಲ್ಲ, ಅಷ್ಟೆ.'
ಸ್ವರ್ಣಸಂದ್ರದ ಟೀಚರು ಫೋನು ಕೊಟ್ಟು,
ಮತ್ತೆ ಕಿತ್ತುಕೊಂಡು, ಗೇಟಿನೊಳಗೆ ಹೋಗಿ
ಒಗೆಯೋ ಕಲ್ಲ ಮೇಲೆ ಜಜ್ಜಿ ತಂದರು.
ಏನಿತ್ತೋ ಅದರಲ್ಲಿ. ಕೇಳಲಿಲ್ಲ.
ತಕ್ಕಡಿಗಿಟ್ಟೆ: ನೂರ ನಲವತ್ತು ಗ್ರಾಂ.
ಇನ್ವರ್ಟರ್ ಬ್ಯಾಟರಿ ಉರುಳಿಸಿಕೊಂಡು ಬಂದವರಿಗೆ
ಅದಕ್ಕೆ ಬೇರೆ ಕಾನೂನಂತೆ ಅಂದೆ.
ಬಾಗಿಲು ಮುಖಕ್ಕೇ ಬಡಿಯಿತು.

ರಶೀದಿ ಹರಿದುಕೊಡಬೇಕು. ಹಳದಿ ಅವರಿಗೆ, ಬಿಳಿ ನಮಗೆ.
ಇದಕ್ಕೆ ಎಷ್ಟು ಸಿಗತ್ತೆ, ಕೇಳುತ್ತಾರೆ.
ಏನೂ ಸಿಗಲ್ಲ ಅನ್ನಬೇಕು, ನಗುನಗುತ್ತ.

ಮುಜಮ್ಮಿಲ್ ಕೊಡುತ್ತಾನೆ.
ನಮಗಿಂತ ಅರ್ಧ ಗಂಟೆ ಮುಂಚೆ ಅದೇ ಬೀದಿಗೆ ಅವನ ಸೈಕಲ್ಲು,
ಟೀವಿಗೆ ಇನ್ನೂರು, ಫೋನಿಗೆ ಒಂದು ಪ್ಲಾಸ್ಟಿಕ್ ಬುಟ್ಟಿ.
ಸಂಜೆ ನಾಲೆ ಏರಿಯ ಮೇಲೆ ವೈರು ಸುಡುತ್ತಿದ್ದ.
ಕಾರ್ಖಾನೆಯ ಕಾಕಂಬಿ ವಾಸನೆಯೊಳಗೂ
ಆ ಹೊಗೆ ಬೇರೆಯೇ ಗೊತ್ತಾಗುತ್ತದೆ,
ಗಂಟಲಲ್ಲಿ ಕೂತು ಏಳುವುದಿಲ್ಲ.
ಬೂದಿಯಲ್ಲಿ ತಾಮ್ರ ಮಾತ್ರ
ಆಗತಾನೆ ಹೆತ್ತ ಕೂಸಿನ ಹಾಗೆ ಕೆಂಪಗೆ.

ಅವನ ಬೆರಳಲ್ಲಿ ಗೆರೆಗಳಿಲ್ಲ.
ಗೊತ್ತಾದದ್ದು ತರಬೇತಿಯ ದಿನ.
ಗುಜರಿಯವರನ್ನೆಲ್ಲ ಕರೆಸಿ, ಉಪ್ಪಿಟ್ಟು ಕೊಟ್ಟು,
ಕೈಗವಸು ಕೊಟ್ಟು, ಗುರುತಿನ ಚೀಟಿ ಮಾಡುವಾಗ
ಯಂತ್ರ ಅವನ ಹೆಬ್ಬೆಟ್ಟು ಒಪ್ಪಲೇ ಇಲ್ಲ.
ಲುಂಗಿಗೆ ಒರೆಸಿದ. ಎಂಜಲು ಹಚ್ಚಿ ಒರೆಸಿದ. ಎಡಗೈ ಕೊಟ್ಟ.
'ಆಸಿಡ್ಡು ತಿಂದ್ಬಿಟ್ಟಿದೆ ಮೇಡಂ' ಅಂದ,
ತಾನೇ ಏನೋ ಕದ್ದವನ ಹಾಗೆ.
ಮೇಡಂ ಯಂತ್ರವನ್ನೇ ನೋಡುತ್ತ ಕೂತಿದ್ದರು.
ಕೊನೆಗೆ ಕಣ್ಣು ತೋರಿಸಿ ಚೀಟಿ ಪಡೆದ.

ಈಗ ವಾರಕ್ಕೆ ಮೂರು ದಿನ ನಮ್ಮ ಗಾಡಿಗೇ ತರುತ್ತಾನೆ,
ಕೆಜಿ ಲೆಕ್ಕದಲ್ಲಿ ಕಂಪನಿ ದುಡ್ಡು ಹಾಕುತ್ತದೆ,
ಹಾಕಿದಾಗ.
'ಅಲ್ಲೀತನಕ ಒಲೆ ಕಾಯಲ್ವಲ್ಲಕ್ಕ.'
ಉಳಿದ ದಿನಗಳ ಮಾತು ಬೇಡ.
ನಾಲೆ ಕಡೆ ನಾನೂ ನೋಡುವುದಿಲ್ಲ.

ನಿನ್ನೆ ಹೊಸಹಳ್ಳಿ ಸರ್ಕಲ್ಲಿನಲ್ಲಿ
ಕೆಟ್ಟ ಫೋನು, ಕೆಟ್ಟ ಟೀ... ಅಂತ ಮೈಕು ನಿಂತಿತು.
ತಿಬ್ಬೇಶ ಎರಡು ಗುದ್ದಿದ. ಉಸಿರಿಲ್ಲ.
ಯಾವುದೋ ಜಗಲಿಯಿಂದ ಒಂದು ಮಗು
'ಕೆಟ್ಟ ಮಿಕ್ಸಿ!' ಅಂತ ಮುಂದುವರಿಸಿತು.
ನಾನು ಬಾಯಿ ತೆರೆದೆ, ಅದೇ ಮಾತು ಬರಲಿಲ್ಲ.
ಮೈಕು ಬಿಚ್ಚಿ ತೂಗಿದೆವು, ಕಾಯಿದೆ ಪ್ರಕಾರ:
ಒಂದು ಕೆಜಿ ಇನ್ನೂರು. ಕೊಟ್ಟವರ ಹೆಸರು: ನಗರಸಭೆ.
ಹಳದಿ ಹಾಳೆ ಯಾರಿಗೆ ಕೊಡುವುದು ಅಂತ ನಿಂತಿದ್ದಾಗ
ಮುಜಮ್ಮಿಲ್ ಪೆಟ್ಟಿಗೆಗೆ ಕೈಹಾಕಿ ಅದನ್ನು ಎತ್ತಿಕೊಂಡ,
ಕೈಗವಸು ಕಳಚಿ, ಆ ನುಣುಪು ಬೆರಳಲ್ಲಿ ಸವರಿ,
'ಇದು ಕೆಟ್ಟಿಲ್ಲಕ್ಕ. ವೈರು ಬಿಟ್ಟಿದೆ.'

ರಶೀದಿ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇಲ್ಲ.
ಬರೆದದ್ದಕ್ಕೆ ಅಡ್ಡಗೆರೆ ಎಳೆದೆ.
ಹಲ್ಲಲ್ಲಿ ವೈರು ಸುಲಿದು, ಹೊಸೆದು, ಸುತ್ತಿದ.
ಬಂತು ನನ್ನ ದನಿ,
ಸ್ವಲ್ಪ ನೆಗಡಿಯಾದ ಹಾಗೆ.
ತಿಬ್ಬೇಶ ಗೇರು ಹಾಕಿದ.