ಚೀಲ ನಂಬರ್ ೪೧೭

ಕುಂಸಿ ಕಡೆಯಿಂದ ಬಂದ ಚೀಲ. ದಾರ ಬಿಚ್ಚಿದರೆ
ಮುಷ್ಟಿಗಾತ್ರದ ಮೂರು ಕಲ್ಲು, ಒಂದು ಬೀಡಿ ತುಂಡು.
ರಾತ್ರಿ ಪಾಳಿ. ಭದ್ರಾವತಿಯ ಲ್ಯಾಬಿನಲ್ಲಿ ನಾನು, ಸಗಾಯಮೇರಿ,
ಮತ್ತು ಇಪ್ಪತ್ತಾರು ವರ್ಷದಿಂದ ಸೋರುತ್ತಿರುವ ಅದೇ ನಲ್ಲಿ.

ಕುಟ್ಟಿ, ಜರಡಿ ಹಿಡಿದು, ಅರ್ಧ ಗ್ರಾಂ ತೂಗಿ
ಆಸಿಡ್ಡಿಗೆ ಹಾಕುತ್ತೇನೆ.
ಕಲ್ಲು ತನ್ನ ಹಠ ಬಿಡಲು ಮುಕ್ಕಾಲು ಗಂಟೆ.
ಆಮೇಲೆ ಹಳದಿ, ಅರಿಶಿನ ಕಲಕಿದ ನೀರು.

ಸೋಮವಾರ ಬಂದಿದ್ದಳು ಆ ಹುಡುಗಿ, ಭೂವಿಜ್ಞಾನದವಳು,
ಮುಬೀನಾ. ಬೂಟಿನ ತುಂಬ ಹಳ್ಳದ ಕೆಸರು.
"ಅಕ್ಕಾ, ಅಲ್ಲಿ ಬಂಡೆ ನೋಡಿದೀರಾ?
ದಿಂಬು ಪೇರಿಸಿಟ್ಟಂಗಿದೆಯಲ್ಲ, ಅದು ಸಮುದ್ರದ ತಳ."
ನಾನು ನಕ್ಕೆ. ಸಮುದ್ರ ನೋಡಬೇಕೆಂದರೆ
ಘಾಟಿಯಿಳಿದು ಎರಡು ಸಲ ವಾಂತಿ ಮಾಡಿಕೊಳ್ಳಬೇಕು.
ಅವಳು ನಗಲಿಲ್ಲ. ನೀರೊಳಗೆ ಉಕ್ಕಿದ ಲಾವಾಕ್ಕೆ
ಮೇಲೆ ಗಾಜಿನ ಸಿಪ್ಪೆ, ಒಳಗಿನ್ನೂ ಕೆಂಡ,
ಸಿಪ್ಪೆ ಸೀಳಿಕೊಂಡು ಮತ್ತೊಂದು ದಿಂಬು, ಅದರ ಮೇಲೊಂದು.
ಇನ್ನೂರೈವತ್ತು ಕೋಟಿ ವರ್ಷ
ಯಾರೂ ತಲೆಯಿಡದ ಹಾಸಿಗೆ.

ನನ್ನ ಸಂಬಳದ ಚೀಟಿಯ ಬೆನ್ನಿಗೆ ಗೀಚಿ ತೋರಿಸಿದಳು:
ಬಿರುಕಿಗಿಳಿದ ಉಪ್ಪುನೀರು. ಕೆಳಗೆ ಬೆಂಕಿ.
ನಾನೂರು ಡಿಗ್ರಿಯಾದರೂ ಕುದಿಯುವುದಿಲ್ಲ;
ಅಷ್ಟು ದೊಡ್ಡ ಕಡಲು ನೆತ್ತಿಯ ಮೇಲೆ ಕೂತಿರುವಾಗ
ಕುದಿಯಲು ಯಾರಿಗೆ ಧೈರ್ಯ?
ಮೆಗ್ನೀಸಿಯಂ ಬಂಡೆಗೊಪ್ಪಿಸಿ, ಹುಳಿಯಾಗಿ,
ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಕೊಳೆತ ಮೊಟ್ಟೆಯ ನಾತ
ಎಲ್ಲ ಹೊತ್ತುಕೊಂಡು ಮೇಲೇಳುತ್ತದೆ.
ತಣ್ಣೀರು ತಾಕಿದ್ದೇ ಕಪ್ಪು.
"ಹೊಗೆ ಅಂತಾರೆ. ಹೊಗೆಯಲ್ಲ ಅಕ್ಕಾ,
ಆಗಷ್ಟೇ ಹುಟ್ಟಿದ ಕಲ್ಲಿನ ಪುಡಿ."

ಕಾರ್ಖಾನೆಯ ಚಿಮಣಿ ಕೆಳಗೆ ಹುಟ್ಟಿದವಳು ನಾನು.
ಗಾಳಿಯ ದಿಕ್ಕು ನೋಡಿ ಒಗೆದ ಸೀರೆ ಒಳಗೆಳೆದುಕೊಂಡವಳು.
ಹೊಗೆ ಎಷ್ಟೆತ್ತರ ಏರಿ ಎಲ್ಲಿ ಅಡ್ಡ ಮಲಗುತ್ತದೆಂದು
ನನಗೆ ಯಾರೂ ಹೇಳಬೇಕಿಲ್ಲ.
ಅಲ್ಲೂ ಹಾಗೇ ಅಂತೆ: ಸುತ್ತಲಿನ ನೀರಿನಷ್ಟೇ ತೂಕವಾದ ಕಡೆ
ಏರುವುದು ಬಿಟ್ಟು ಪಕ್ಕಕ್ಕೆ ಹೊರಡುತ್ತದೆ.
ಕಬ್ಬಿಣ ಬೇಗ ಉದುರಿಬಿಡುತ್ತದೆ.
ಮ್ಯಾಂಗನೀಸ್ ಮಾತ್ರ ಇಳಿಯಲೊಲ್ಲದು,
ನೂರಾರು ಮೈಲಿ ತೇಲಿ, ಬೇರೆ ಜಾಗ ಹುಡುಕಿಕೊಳ್ಳುತ್ತದೆ.

ಇದನ್ನು ಕೇಳಿ ನಾನು ಬೀಕರ್ ಕೆಳಗಿಟ್ಟೆ.

ಅಪ್ಪ ಕುಲುಮೆಯವನು. ಸೇಲಂನಿಂದ ಬಂದವನು
ಭದ್ರೆಯ ದಡದಲ್ಲೇ ಉಳಿದ, ಅಲ್ಲೇ ತುಕ್ಕು ಹಿಡಿದ.
ಅಮ್ಮ ಒಂದು ಬೆಳಗ್ಗೆ ನನ್ನನ್ನು ಸೊಂಟಕ್ಕೇರಿಸಿಕೊಂಡು
ಕುಂಸಿಗೆ ಹೋದಳು, ಮ್ಯಾಂಗನೀಸ್ ಗಣಿಗೆ.
ತಲೆಯ ಮೇಲೆ ಬುಟ್ಟಿ, ದಿನಕ್ಕೆ ಹನ್ನೆರಡಾಣೆ.
ಅಂಗೈಯ ಕಪ್ಪು ಸೀಗೆಪುಡಿಗೂ ಹೋಗಲಿಲ್ಲ;
ಕೊನೆಗೆ ಪಾದ್ರಿ ಎಣ್ಣೆ ಹಚ್ಚಲು ಹಿಡಿದು
ಒಂದು ಗಳಿಗೆ ತಡೆದರು.
ಯಾಕೆ ಬಿಟ್ಟು ಬಂದೆ ಎಂದು ಕೇಳಿದ್ದಕ್ಕೆ ಒಮ್ಮೆ
"ಅಲ್ಲೇ ಇದ್ದಿದ್ರೆ ಅಲ್ಲೇ ಬೀಳ್ತಿದ್ದೆ" ಅಂದಿದ್ದಳು.
ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಈಗ ಸ್ಟ್ಯಾನಸ್ ಕ್ಲೋರೈಡ್, ಹನಿ ಹನಿ. ಹಳದಿ ಹೋಯಿತು.
ಗಾಜಿನೊಳಗೆ ಕಬ್ಬಿಣ,
ಆ ಕಡಲಿನಲ್ಲಿ ಕರಗಿದ್ದಾಗ ಹೇಗಿತ್ತೋ ಹಾಗೆ:
ಬಣ್ಣವಿಲ್ಲ, ಇನ್ನೂ ಯಾವ ಬೆಟ್ಟವೂ ಅಲ್ಲ.
ಕೈಪಿಡಿ ಹೇಳಿದ್ದಕ್ಕಿಂತ ಎರಡು ನಿಮಿಷ ಹೆಚ್ಚು ಬಿಟ್ಟೆ.
ಆಮೇಲೆ ಬ್ಯೂರೆಟ್ ತಿರುಗಿಸಿದೆ.
ಹಸಿರು, ಇನ್ನೂ ಹಸಿರು,
ಒಂದೇ ಹನಿಗೆ ನೇರಳೆ,
ನೇರಳೆಹಣ್ಣು ತಿಂದ ಮಗುವಿನ ನಾಲಗೆ.

ವಹಿಯಲ್ಲಿ ಬರೆದೆ: ಕಬ್ಬಿಣ, ನಲವತ್ತೊಂದು ಪಾಯಿಂಟ್ ಆರು.
ಮ್ಯಾಂಗನೀಸ್ ನಾಳೆ.
ಷರಾ ಎಂಬ ಕಲಂ ಇಪ್ಪತ್ತಾರು ವರ್ಷದಿಂದ ಖಾಲಿ.
ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.
"ಬೀಡಿ ತುಂಡು, ಒಂದು" ಎಂದು ಬರೆದು
ಸಹಿ ಹಾಕಿದೆ.